ಮೋಡ ಯಾರ ಮಾತು ಕೇಳುತ್ತದೆ

ಮೆಕ್ಸಿಕೊ ನಗರ
28 ಸೆಪ್ಟೆಂಬರ್ 1986

ಅಪ್ಪನಿಗೆ,

ಆರು ವರ್ಷದ ಮೇಲೆ ಕಾಗದ ಬಂತೆಂದು ಗಾಬರಿ ಬೀಳಬೇಡಿ. ಬದುಕಿದ್ದೇನೆ. ಆದರೆ ಈ ತಿಂಗಳ ಮೊದಲಲ್ಲಿ ನನಗೆ ಸಿಡಿಲು ಬಡಿಯಿತು.

ನಾನಿರುವುದು ಒಂದು ಹಳೆಯ ಕಟ್ಟಡದ ತಾರಸಿಯ ಮೇಲಿನ ಕೋಣೆಯಲ್ಲಿ. ಕಟ್ಟಡದವರೆಲ್ಲ ಬಟ್ಟೆ ಒಣಹಾಕುವುದೂ ಅಲ್ಲೇ. ಮಳೆ ಬರುವ ಹಾಗಾಯಿತೆಂದು ನನ್ನ ಬಟ್ಟೆಯ ಜೊತೆಗೆ ಪಕ್ಕದ ಕೋಣೆಯ ದೋನ್ಯಾ ಚೋಲೆಯ ಹೊದಿಕೆಗಳನ್ನೂ ತಂತಿಯಿಂದ ತೆಗೆಯುತ್ತಿದ್ದೆ. ಅಷ್ಟೇ ನೆನಪು. ಕಣ್ಣು ಬಿಟ್ಟಾಗ ಚೋಲೆ ನನ್ನ ಕೆನ್ನೆಗೆ ಬಾರಿಸುತ್ತಾ, "ಏಳೇ ಒಬ್ದುಲಿಯಾ, ಸಾಯ್ಬೇಡ ಕಣೇ, ಹೊದಿಕೆ ಸುಟ್ಟಿದ್ದಕ್ಕೆ ನಾನು ಯಾರನ್ನ ಬೈಲಿ" ಎಂದು ಅಳುತ್ತಿದ್ದಳು.

ಈಗ ಕೈಕಾಲು ಸರಿಯಾಗಿವೆ. ತಲೆ ಮಾತ್ರ ಮೋಡ ಕವಿದು ಕೂತಿದೆ. ಹಾಲು ಕಾಯಲಿಟ್ಟು ಯಾಕಿಟ್ಟೆನೆಂದು ಮರೆಯುತ್ತೇನೆ. ಹೊಲಿಗೆ ಅಂಗಡಿಯಲ್ಲಿ ಎಡಗಡೆಯ ತೋಳನ್ನು ಬಲಕ್ಕೆ ಹೊಲಿಯುತ್ತೇನೆ. ಯಜಮಾನರು ಮೊನ್ನೆ ಕೋಟನ್ನು ಎತ್ತಿ ಹಿಡಿದು, "ಈ ಗಿರಾಕಿ ಹಿಂದ್ಮುಂದಾಗಿ ಹುಟ್ಟಿದಾನೇನಮ್ಮ" ಎಂದು ಕೇಳಿದರು. ಒಳ್ಳೆಯವರು, ಎಷ್ಟು ದಿನ ಒಳ್ಳೆಯವರಾಗಿರುತ್ತಾರೋ ಗೊತ್ತಿಲ್ಲ.

ಡಾಕ್ಟರು ನರ ಎನ್ನುತ್ತಾರೆ. ನೀವು ಏನೆನ್ನುತ್ತೀರೆಂದು ನನಗೆ ಗೊತ್ತು. ಗೊತ್ತಿದ್ದೂ ಬರೆಯುತ್ತಿದ್ದೇನೆ, ಯಾಕೆಂದು ಕೇಳಬೇಡಿ. ಊರಲ್ಲಿ ಯಾರಿಗೂ ಹೇಳಬೇಡಿ.

ಒಬ್ದುಲಿಯಾ

*

ಸಾನ್ ಮಾತೀಯಾಸ್
12 ಅಕ್ಟೋಬರ್ 1986

ಮಗಳೇ,

ಯಾರಿಗೂ ಹೇಳಲಿಲ್ಲ. ಅಂಚೆಯವನು ಚೌಕದಲ್ಲೇ ಕಾಗದ ಕೊಟ್ಟ, ಓದುತ್ತಾ ಓದುತ್ತಾ "ಅಯ್ಯೋ, ನನ್ನ ಮಗಳಿಗೆ ಸಿಡಿಲು" ಎಂದು ಕೂಗಿಬಿಟ್ಟೆ. ಅವರೇ ಕೇಳಿಸಿಕೊಂಡರು, ನಾನೇನು ಮಾಡಲಿ? ಈಗ ದಾರಿಯಲ್ಲಿ ಹೋದರೆ ಹೆಂಗಸರು ನನಗೆ ಮೊದಲಿಗಿಂತ ಹೆಚ್ಚು ಮರ್ಯಾದೆ ಕೊಡುತ್ತಾರೆ. ಸಿಡಿಲು ಬಡಿದವಳ ಅಪ್ಪ ಎಂದು.

ಮೂವತ್ತು ವರ್ಷ ಈ ಊರಿಗೆ ಮೋಡ ಕಾದಿದ್ದೇನೆ. ಗುಡ್ಡದ ಮೇಲೆ ತಾಳೆಗರಿಯ ಪೊರಕೆ ಹಿಡಿದು ನಿಂತು ಮಳೆಯ ಮೋಡವನ್ನು ಹೊಲಕ್ಕೆ ಕರೆದಿದ್ದೇನೆ, ಆಲಿಕಲ್ಲಿನ ಮೋಡವನ್ನು ಕಣಿವೆಗೆ ಅಟ್ಟಿದ್ದೇನೆ. ಆದರೆ ನನಗೆ ಬಂದದ್ದು ಕನಸಿನ ಕರೆ. "ಕನಸು ನಮ್ಮ ನಾಯಿಗೂ ಬೀಳ್ತದೆ" ಎಂದು ಎದುರಿಗೇ ಅಂದವರುಂಟು. ಸಿಡಿಲು ಬಡಿದು ಬದುಕಿದವರೇ ಮೋಡಗಳು ತಾವಾಗಿ ಆರಿಸಿದ ಆಳು. ಮೇ ತಿಂಗಳ ಶಿಲುಬೆ ಹಬ್ಬದ ದಿನ ಮೋಡ ಕಾಯುವವರ ಗುಹೆಗೆ ಬಂದು ಹೂವಿನ ಕಿರೀಟ ಇಡಿಸಿಕೋ. ಒಪ್ಪಿಕೊಂಡರೆ ತಲೆ ತಿಳಿಯಾಗುತ್ತದೆ. ಒಪ್ಪದಿದ್ದರೆ ಆ ಮೋಡ ಇಳಿಯುವುದಿಲ್ಲ. ನಾನು ಹೆದರಿಸುತ್ತಿಲ್ಲ, ಕಂಡದ್ದನ್ನು ಹೇಳುತ್ತಿದ್ದೇನೆ.

ಮೊದಲು ಸಂತೋಷವಾಯಿತು. ಆಮೇಲೆ ಹೊಟ್ಟೆ ಉರಿಯಿತು. ಗುಡ್ಡದ ನೆತ್ತಿಯಲ್ಲಿ ಒಬ್ಬನೇ ನಿಂತವನನ್ನು ಬಿಟ್ಟು, ಬಟ್ಟೆ ತೆಗೆಯುವವಳನ್ನು ಹುಡುಕಿಕೊಂಡು ಅಷ್ಟು ದೂರದ ರಾಜಧಾನಿಗೆ ಹೋಯಿತಲ್ಲ ಆ ಸಿಡಿಲು. ಅದೂ ನಮ್ಮನ್ನು ಕಂಡರೆ ನಗುವವಳನ್ನು.

ನನಗೆ "ನೀವು" ಎಂದು ಬರೆದಿದ್ದೀಯ. ನಾನೇನು ಊರಿನ ಪಾದ್ರಿಯೇ?

ನಿನ್ನ ಅಪ್ಪ
ಎಲಿಹಿಯೊ

*

ಮೆಕ್ಸಿಕೊ ನಗರ
9 ನವೆಂಬರ್ 1986

ಅಪ್ಪನಿಗೆ,

ನಾನು ಬರುವುದಿಲ್ಲ. ಹೂವಿನ ಕಿರೀಟ ಇಟ್ಟರೆ ತಲೆ ಸರಿಹೋಗುವುದಾದರೆ ಇಲ್ಲಿಯ ಹೂಮಾರುವವರೆಲ್ಲ ಡಾಕ್ಟರಾಗುತ್ತಿದ್ದರು.

ಮೋಡದ ಮಾತು ನೀವೇ ಎತ್ತಿದ್ದೀರಿ, ಆದ್ದರಿಂದ ಕೇಳುತ್ತೇನೆ. ರೋಮುಲೊನ ಜೊತೆ ನನ್ನ ಮದುವೆಗೆ ಮೋಲೆ ಸಾರಿಗೆ ಅರೆಯಲು ಮೆಣಸಿನಕಾಯಿ ತಂದಿಟ್ಟಾಗಿತ್ತು. ಆ ವಾರವೇ ಆಲಿಕಲ್ಲು ಬಿತ್ತು. ರೋಮುಲೊನ ಸೇಬಿನ ತೋಟ ಪೂರ್ತಿ ನೆಲ ಕಚ್ಚಿತು, ಬೇಲಿಯಾಚೆ ನಮ್ಮ ಜೋಳದ ಒಂದು ಗರಿಯೂ ಹರಿಯಲಿಲ್ಲ. ರೋಮುಲೊನ ಅಮ್ಮ ಒಡೆದ ಸೇಬುಗಳನ್ನು ಮಡಿಲಲ್ಲಿ ತಂದು ನಮ್ಮ ಅಂಗಳದಲ್ಲಿ ಸುರಿದು, "ಮೋಡ ಕಾಯೋನು ತನ್ನ ಹೊಲ ಕಾದ್ಕೊಂಡ, ಬೀಗರ ತೋಟಕ್ಕೆ ಕಲ್ಲು ಕಳಿಸ್ದ. ಇಂಥೋರ ಮನೆ ಹೆಣ್ಣು ನಮಗ್ಯಾಕೆ" ಎಂದಳು. ಇಡೀ ಬೀದಿ ಕೇಳಿತು. ನೀವು ಟೋಪಿ ತೆಗೆದು ಕೈಯಲ್ಲಿ ಹಿಡಿದು ನಿಂತಿರಿ. ಹೌದು ಅನ್ನಲಿಲ್ಲ, ಇಲ್ಲ ಅನ್ನಲಿಲ್ಲ. ರೋಮುಲೊ ನನ್ನ ಮುಖ ನೋಡಲಿಲ್ಲ. ನಾನು ಬಸ್ಸು ಹತ್ತಿದೆ.

ಅವತ್ತು ಆ ಮೋಡವನ್ನು ಅತ್ತ ತಿರುಗಿಸಿದ್ದು ನೀವೇನಾ? ಇಷ್ಟಕ್ಕೆ ಉತ್ತರ ಕೊಡಿ. ಬೇರೆ ಏನೂ ಬೇಡ.

ಒಬ್ದುಲಿಯಾ

*

ಸಾನ್ ಮಾತೀಯಾಸ್
20 ಡಿಸೆಂಬರ್ 1986

ಮಗಳೇ,

ನಿನ್ನ ಕಾಗದ ತಲುಪಿತು. ಈ ಸಲ ಹಂದಿ ಚೆನ್ನಾಗಿ ಕೊಬ್ಬಿದೆ, ಹಬ್ಬಕ್ಕೆ ತಮಾಲೆ ಕಡುಬು ಮಾಡಿಸುತ್ತಿದ್ದೇನೆ. ನಿನ್ನ ಅಮ್ಮನ ಸಮಾಧಿಗೆ ಸುಣ್ಣ ಹೊಡೆಸಿದೆ. ಚಳಿ ಜಾಸ್ತಿ. ಆಕಾಶ ತಿಳಿಯಾಗಿದೆ ಎಂದು ಎಲ್ಲರೂ ಹೇಳುತ್ತಾರೆ.

ಹಾಲು ಕಾಯಲಿಟ್ಟಾಗ ಒಲೆಯ ಮುಂದೆಯೇ ಕೂತಿರು. ಎದ್ದು ಹೋಗಬೇಡ.

ಅಪ್ಪ

*

ಮೆಕ್ಸಿಕೊ ನಗರ
15 ಫೆಬ್ರವರಿ 1987

ಅಪ್ಪನಿಗೆ,

ಕೇಳಿದ್ದೊಂದು, ನೀವು ಹೇಳಿದ್ದು ಹಂದಿಯ ಕಥೆ. ಇರಲಿ.

ಊರಿನವರ ಕೈಯಲ್ಲಿ ಎರಡು ಪೊಟ್ಟಣ ಕಳಿಸಿದ್ದೇನೆ. ಒಂದರಲ್ಲಿ ಕಪ್ಪು ಕೋಟು ಮತ್ತು ಪ್ಯಾಂಟು, ಮಾರ್ಚಿನಲ್ಲಿ ನಿಮ್ಮ ಬೆಂಕಿಬೆಟ್ಟ ದೊನ್ ಗೋಯೊನ ಹುಟ್ಟುಹಬ್ಬಕ್ಕೆ ಅವನ ಬಂಡೆಯ ಮೇಲಿಡಲು. ಇನ್ನೊಂದರಲ್ಲಿ ಗುಲಾಬಿ ಬಣ್ಣದ ಲಂಗ, ಅದು ಆಗಸ್ಟಿನಲ್ಲಿ ಅವನ ಪಕ್ಕದ ಬೆಟ್ಟ ದೋನ್ಯಾ ರೋಸಿತಾಳಿಗೆ. ನಂಬಿಕೆಯಿಂದ ಹೊಲಿದದ್ದಲ್ಲ. ಅಂಗಡಿಯಲ್ಲಿ ಬಟ್ಟೆ ಉಳಿದಿತ್ತು. ಜ್ವಾಲಾಮುಖಿಯ ಅಳತೆ ಯಾರೂ ಕೊಟ್ಟಿರಲಿಲ್ಲವಾದ್ದರಿಂದ ನಿಮ್ಮ ಅಳತೆಗೇ ಹೊಲಿದೆ. ಎರಡೂ ತೋಳು ಸರಿಯಾದ ಜಾಗದಲ್ಲಿವೆ, ನಾಲ್ಕು ಸಲ ಬಿಚ್ಚಿ ಹೊಲಿದೆ.

ಇಲ್ಲಿಂದ ಅಪರೂಪಕ್ಕೊಮ್ಮೆ ದೊನ್ ಗೋಯೊ ಕಾಣಿಸುತ್ತಾನೆ. ಬೆನ್ನು ತೋರಿಸಿಕೊಂಡು ಕೂತಿರುತ್ತಾನೆ. ಅವನ ಮುಖ ನಿಮ್ಮ ಕಡೆಗಿದೆ ಎಂದು ನೆನಪಾಗುತ್ತದೆ.

ಒಬ್ದುಲಿಯಾ

*

ಸಾನ್ ಮಾತೀಯಾಸ್
16 ಮಾರ್ಚ್ 1987

ಮಗಳೇ,

ನನ್ನ ಮಾನ ಕಳೆದೆ. ಪೊಟ್ಟಣಗಳನ್ನು ಅದಲುಬದಲು ಮಾಡಿದ್ದು ನೀನೇ ಇರಬೇಕು.

ಹೊತ್ತು ಮೂಡುವ ಮೊದಲೇ ಹತ್ತಿದೆವು. ಹಣ್ಣು, ಮೋಲೆ ಸಾರು, ಪುಲ್ಕೆ ಹೆಂಡ, ಧೂಪ ಎಲ್ಲ ಇತ್ತು. ಬಂಡೆಯ ಹತ್ತಿರ ಹೆಪ್ಪುಗಟ್ಟುವ ಚಳಿ, ಕೈ ಮರಗಟ್ಟಿತ್ತು. ಪೊಟ್ಟಣ ಬಿಚ್ಚಿ ಬಟ್ಟೆ ಹಾಸಿದೆ. ಮೇಲೆ ಟೋಪಿ ಇಟ್ಟೆ, ಪಕ್ಕದಲ್ಲಿ ಸಿಗಾರು ಇಟ್ಟೆ. "ದೊನ್ ಗೋಯೊ, ನನ್ನ ಮಗಳು ನಿಮಗೆಂದೇ ಹೊಲಿದದ್ದು, ಉಟ್ಟುಕೊಂಡು ಗಂಭೀರವಾಗಿ ಕೂತ್ಕೊಳ್ಳಿ" ಎಂದೆ. ಆಮೆನ್ ಬದಲು ಹಿಂದಿನಿಂದ ರೋಮುಲೊನ ದನಿ ಬಂತು. "ದೊನ್ ಎಲಿಹಿಯೊ, ಗೋಯೊಗೆ ಲಂಗ ಉಡಿಸಿ ಯಾರಿಗೆ ಮದುವೆ ಮಾಡಿಕೊಡ್ತೀರಾ?"

ನಗಬಾರದ ಜಾಗದಲ್ಲಿ ಎಲ್ಲರೂ ನಕ್ಕರು. ಕೊಟ್ಟದ್ದನ್ನು ವಾಪಸು ಎತ್ತುವಂತಿಲ್ಲ. ಲಂಗ ಅಲ್ಲೇ ಇದೆ, ಮೇಲೆ ಟೋಪಿ. ಈಗ ಆತನಿಗೆ ಸಿಟ್ಟು ಬಂದು ಬೂದಿ ಉಗುಳಿದರೆ ನಾನು ಹೊಣೆ. ಉಗುಳದಿದ್ದರೆ ಲಂಗ ಇಷ್ಟವಾಯಿತೆಂದು ತಿಳಿಯಬೇಕು, ಅದು ಇನ್ನೂ ಕಷ್ಟ. ನನಗೆ ಒಂದೂ ತಿಳಿಯುತ್ತಿಲ್ಲ.

ಅಪ್ಪ

*

ಮೆಕ್ಸಿಕೊ ನಗರ
5 ಏಪ್ರಿಲ್ 1987

ಅಪ್ಪ,

ಸಿಡಿಲು ಬಡಿದ ಮೇಲೆ ಮೊದಲ ಸಲ ನಕ್ಕೆ. ಚೋಲೆ ಓಡಿ ಬಂದು, "ಏನಾಯ್ತೇ, ಇನ್ನೊಂದು ಬಡೀತಾ" ಎಂದಳು. ಅವಳಿಗೂ ಓದಿ ಹೇಳಿದೆ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಆಮೇಲೆ ನಾನೊಬ್ಬಳೇ ಇದ್ದಾಗ ಕಾಗದ ಮತ್ತೆ ತೆಗೆದು ನೋಡಿದೆ, ನಗು ಹೋಯಿತು.

ಪೊಟ್ಟಣಗಳ ಮೇಲೆ ಬೆರಳುದ್ದದ ಅಕ್ಷರಗಳಲ್ಲಿ ಹೆಸರು ಬರೆದಿದ್ದೆ. ಅದನ್ನು ನೋಡಲಿಲ್ಲ, ಸರಿ. ಕೈ ಮರಗಟ್ಟಿತ್ತು, ಸರಿ. ಗುಲಾಬಿ ಲಂಗವನ್ನು ಬಂಡೆಯ ಮೇಲೆ ಹಾಸಿ ಅದರ ಎದುರು ನಿಂತು ಮಾತಾಡಿದ್ದೀಯಲ್ಲ, ಅಪ್ಪ. ನಿನ್ನ ಕಾಗದದ ಸಾಲುಗಳೂ ಒಂದರ ಮೇಲೊಂದು ಹತ್ತಿ ಕೂತಿವೆ. ಮೊದಲ ಕಾಗದದಲ್ಲೇ ಹಾಗಿತ್ತು. ಸಿಟ್ಟಿನಲ್ಲಿದ್ದೆ, ಗಮನಿಸಲಿಲ್ಲ. "ಆಕಾಶ ತಿಳಿಯಾಗಿದೆ ಎಂದು ಎಲ್ಲರೂ ಹೇಳುತ್ತಾರೆ" ಎಂದು ಬರೆದಿದ್ದೆ ನೀನು. ಆಕಾಶ ಹೇಗಿದೆ ಎಂದು ನೀನು ಯಾವಾಗಿನಿಂದ ಬೇರೆಯವರನ್ನು ಕೇಳತೊಡಗಿದೆ?

ಯಾವ ಕಣ್ಣು? ಹಂದಿಯ ಸುದ್ದಿ ಬೇಡ.

ಒಬ್ದುಲಿಯಾ

*

ಸಾನ್ ಮಾತೀಯಾಸ್
24 ಏಪ್ರಿಲ್ 1987

ಮಗಳೇ,

ಎರಡೂ.

ಬಲಗಣ್ಣಿಗೆ ಮೊದಲು ಬಂತು. ಆಕಾಶದಲ್ಲೇ ಇದೆ ಎಂದುಕೊಂಡೆ. ಬೆಳ್ಳಗೆ, ತೆಳ್ಳಗೆ, ಬೆಟ್ಟದ ಹೆಗಲ ಮೇಲೆ ಕೂತ ಮೋಡ. ಪೊರಕೆ ಹಿಡಿದು ಅರ್ಧ ದಿನ ಅಟ್ಟಿದೆ, ಅದು ಅಲುಗಲಿಲ್ಲ, ನನಗೆ ಬೆನ್ನು ಸುಡುವಷ್ಟು ಬಿಸಿಲು. ಆಮೇಲೆ ತಿರುಗಿ ಮನೆಯ ಕಡೆ ನೋಡಿದೆ. ಮೋಡ ಮನೆಯ ಮೇಲೂ ಇತ್ತು. ಅವತ್ತು ತಿಳಿಯಿತು. ಈಗ ಎಡಗಣ್ಣಿಗೂ ಕವಿಯುತ್ತಿದೆ. ಈಗೀಗ ಗಾಳಿಯ ವಾಸನೆ ಹಿಡಿದು, ಕೆನ್ನೆಗೆ ತಟ್ಟುವ ತಂಪು ಹಿಡಿದು ಕೆಲಸ ಮಾಡುತ್ತೇನೆ. ಕೆಲವು ಸಲ ಸರಿಯಾಗುತ್ತದೆ.

ಊರಿಗೆ ಅನುಮಾನ ಬಂದಿದೆ. ಲಂಗದ ದಿನದಿಂದ ರೋಮುಲೊ, "ಕಣ್ಣೊಳಗಿನ ಮೋಡ ಓಡಿಸೋಕೆ ಬರದೋನು ಆಕಾಶದ್ದು ಓಡಿಸ್ತಾನಂತೆ" ಎಂದು ಹೇಳಿಕೊಂಡು ತಿರುಗುತ್ತಿದ್ದಾನೆ. ಮೋಡಕ್ಕೆ ರಾಕೆಟ್ ಹಾರಿಸೋಣ, ಮುದುಕನ ಪೊರಕೆ ಸಾಕು ಎನ್ನುತ್ತಾನೆ. ಮೋಡಕ್ಕೆ ಪಟಾಕಿ ಹೊಡೆದರೆ ಅದು ಹೆದರಿ ಎಲ್ಲಿ ಬೇಕಾದಲ್ಲಿ ಸುರಿಯುತ್ತದೆ. ಹೆದರಿದ ದನ ಒದ್ದ ಹಾಗೆ.

ಕಣ್ಣಿಗೆ ಆಪರೇಷನ್ ಆಗುತ್ತದಂತೆ, ಪಟ್ಟಣದಲ್ಲಿ. ಆದರೆ ಮಳೆಗಾಲ ಬಂತು. ಈಗಿನಿಂದ ಅಕ್ಟೋಬರ್ ತನಕ ಕಾಯುವವನು ಊರು ಬಿಡುವಂತಿಲ್ಲ. ಬಿಟ್ಟರೆ ಪೊರಕೆ ಹೋಯಿತು. ಅಕ್ಟೋಬರಿನ ಹೊತ್ತಿಗೆ ಕಣ್ಣು ಹೋಗಿರುತ್ತದೆ. ಯಾವುದು ಹೋದರೆ ವಾಸಿ ಎಂದು ದಿನಾ ಯೋಚಿಸುತ್ತೇನೆ, ಬಗೆಹರಿಯುವುದಿಲ್ಲ.

ಅಪ್ಪ

*

ಮೆಕ್ಸಿಕೊ ನಗರ
10 ಮೇ 1987

ಅಪ್ಪ,

ಶಿಲುಬೆ ಹಬ್ಬಕ್ಕೆ ಬರಲಿಲ್ಲ, ಕಿರೀಟ ನನಗೆ ಬೇಡ. ಆದರೆ ನೀನು ಇಲ್ಲಿಗೆ ಬಾ, ನಾನು ಅಲ್ಲಿಗೆ ಹೋಗುತ್ತೇನೆ. ಚೋಲೆ ನಿನ್ನನ್ನು ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಾಳೆ. ಆಪರೇಷನ್ ಆಗಿ ನೀನು ವಾಪಸು ಬರುವ ತನಕ ಪೊರಕೆ ನಾನು ಹಿಡಿಯುತ್ತೇನೆ. ಸಿಡಿಲು ಬಡಿದವಳನ್ನು ಬೇಡ ಎನ್ನಲು ರೋಮುಲೊನಿಗೆ ಬಾಯಿಲ್ಲ.

ನನಗೆ ಇದರಲ್ಲಿ ನಂಬಿಕೆ ಇದೆಯೋ ಇಲ್ಲವೋ ನನಗೇ ಗೊತ್ತಿಲ್ಲ. ಬೆಳಿಗ್ಗೆ ಇಲ್ಲ ಅನಿಸುತ್ತದೆ. ಮಧ್ಯಾಹ್ನ ಗುಡುಗಿದರೆ ಮೈಯೆಲ್ಲ ಝುಮ್ಮೆನ್ನುತ್ತದೆ, ಹಲ್ಲಿನಲ್ಲಿ ಕಬ್ಬಿಣದ ರುಚಿ ಬರುತ್ತದೆ. ಯಜಮಾನರು ಎರಡು ತಿಂಗಳು ರಜ ಕೊಟ್ಟಿದ್ದಾರೆ. ಕೊಡುವಾಗ ಅವರ ಮುಖದಲ್ಲಿ ಕಂಡದ್ದು ನಿರಾಳ.

ನಿನ್ನ ಪ್ರಶ್ನೆ ಬಗೆಹರಿಯಿತು. ನನ್ನದು ಹಾಗೇ ಇದೆ.

ಒಬ್ದುಲಿಯಾ

*

ಮೆಕ್ಸಿಕೊ ನಗರ
5 ಜುಲೈ 1987

ಮಗಳೇ,

ಬಲಗಣ್ಣಿಗೆ ಆಪರೇಷನ್ ಆಯಿತು, ಪಟ್ಟಿ ಕಟ್ಟಿದ್ದಾರೆ. ಎಡಗಣ್ಣಿನ ಮಬ್ಬಿನಲ್ಲಿ ಇದನ್ನು ಬರೆಯುತ್ತಿದ್ದೇನೆ, ಸಾಲು ಹತ್ತಿದರೆ ಕ್ಷಮಿಸು. ಬಗ್ಗಬೇಡ, ಸೀನಬೇಡ, ಭಾರ ಎತ್ತಬೇಡ ಎಂದಿದ್ದಾರೆ. ಚೋಲೆ ಉಸಿರಾಡಲೂ ಬಿಡುವುದಿಲ್ಲ. ಒಳ್ಳೆಯವಳು, ಬಾಯಿ ಮಾತ್ರ ರೋಮುಲೊನ ರಾಕೆಟ್.

ನಿನ್ನ ತಾರಸಿಯಲ್ಲಿ ಕೂತಿರುತ್ತೇನೆ. ಈ ಊರಿನ ಆಕಾಶ ನನಗೆ ಅರ್ಥವಾಗುವುದಿಲ್ಲ. ಮೋಡ ಯಾವುದು, ಹೊಗೆ ಯಾವುದು? ವಾಸನೆಯಿಂದ ಹೇಳೋಣವೆಂದರೆ ಎಲ್ಲ ಒಂದೇ ವಾಸನೆ. ಇಲ್ಲಿ ಮೋಡ ಕಾಯುವವನಿಗೆ ಮೊದಲ ದಿನವೇ ಹುಚ್ಚು ಹಿಡಿಯುತ್ತಿತ್ತು.

ಬಸ್ ನಿಲ್ದಾಣದಲ್ಲಿ ಹೇಳಿದ್ದನ್ನು ಮರೆಯಬೇಡ. ಮಂತ್ರವಿಲ್ಲ, ಏನಿಲ್ಲ. ಮರ್ಯಾದೆಯಿಂದ ಮಾತಾಡಬೇಕು. ಮುಖ್ಯವಾದದ್ದು, ಜಾಗ ಹೇಳಬೇಕು. ಬರೀ "ಹೋಗು" ಎಂದರೆ ಅದು ಎಲ್ಲಿಗೆ ಹೋದೀತು? ಹೊತ್ತುಕೊಂಡು ಬಂದವರಿಗೆ ಇಳಿಸಲು ಒಂದು ಜಾಗ ತೋರಿಸಬೇಕು. ಕಣಿವೆ ತೋರಿಸು.

ನಿನ್ನ ತಲೆ ಹೇಗಿದೆ?

ಅಪ್ಪ

*

ಸಾನ್ ಮಾತೀಯಾಸ್
19 ಜುಲೈ 1987

ಅಪ್ಪ,

ಬುಧವಾರ ಆಲಿಕಲ್ಲು ಬಿತ್ತು. ಹೇಗೆ ಬರೆಯಲಿ ಗೊತ್ತಾಗುತ್ತಿಲ್ಲ, ಆದ ಹಾಗೇ ಬರೆಯುತ್ತೇನೆ.

ಮಧ್ಯಾಹ್ನ ದೊನ್ ಗೋಯೊನ ಹಿಂದಿನಿಂದ ಎದ್ದಿತು. ಕಪ್ಪಲ್ಲ, ಹಸಿರುಗಪ್ಪು. ಹಿಟ್ಟು ಬೀಸುವ ಗಿರಣಿಯ ಹಾಗೆ ಒಳಗೇ ಗುರುಗುಟ್ಟುತ್ತಿತ್ತು. ಪೊರಕೆ ಹಿಡಿದು ಗುಡ್ಡಕ್ಕೆ ಓಡಿದೆ. ಹಲ್ಲಿನಲ್ಲಿ ಕಬ್ಬಿಣದ ರುಚಿ. ಕೆಳಗೆ ರೋಮುಲೊ ತೋಟದಲ್ಲಿ ರಾಕೆಟ್ ಹಿಡಿದು ನಿಂತಿದ್ದ, ಪಕ್ಕದಲ್ಲಿ ಹೆಂಡತಿ, ಅವಳ ಸೊಂಟದಲ್ಲಿ ಮಗು. "ನಿನ್ನ ಕೈಲಿ ಆಗುತ್ತಾ ಒಬ್ದುಲಿಯಾ, ಇಲ್ಲ ಹಚ್ಚಲಾ" ಎಂದು ಕೂಗಿದ. ಏಳು ವರ್ಷದಲ್ಲಿ ಅವನು ನನ್ನ ಹೆಸರು ಕರೆದದ್ದು ಅದೇ ಮೊದಲು.

"ಕಣಿವೆಗೆ ಹೋಗಿ ಸ್ವಾಮಿ" ಎಂದೆ. ಗಾಳಿ ಕಣಿವೆಯ ಕಡೆಯಿಂದಲೇ ಬೀಸುತ್ತಿತ್ತು, ಅದು ಹೇಗೆ ಹೋದೀತು? ನೇರ ಸೇಬಿನ ತೋಟದ ಮೇಲೆ ಬಂತು. ಮೊದಲ ಕಲ್ಲು ನನ್ನ ಹೆಗಲಿಗೆ ಬಿತ್ತು. ಒಂದು ಗಳಿಗೆ ನನಗೆ ಅನ್ನಿಸಿತು, ಬೀಳಲಿ ಎಂದು. ಅದನ್ನೂ ಬರೆಯುತ್ತೇನೆ, ಮುಚ್ಚಿಟ್ಟು ಏನಾಗಬೇಕು. ಆಮೇಲೆ ಬಾಯಿಗೆ ತಾನಾಗಿ ಬಂತು. "ನಮ್ಮ ಹೊಲಕ್ಕೆ ಬಾ. ಎಲಿಹಿಯೊನ ಹೊಲ. ಬೇಲಿಯಿಂದೀಚೆಗೆ. ಅಲ್ಲಿ ಇಳಿಸು."

ಬಂತು ಅಪ್ಪ. ಬೇಲಿ ದಾಟಿ ಬಂದು ನಮ್ಮ ಹೊಲದ ಮೇಲೆಯೇ ಸುರಿಯಿತು. ತೋಟದ ಅಂಚಿನ ಸಾಲು ಬಿಟ್ಟರೆ ಸೇಬು ಉಳಿಯಿತು. ನಮ್ಮ ಜೋಳ ಒಂದು ದಂಟೂ ನಿಂತಿಲ್ಲ. ಸಂಜೆ ರೋಮುಲೊನ ಅಮ್ಮ ಬಂದು ಅಂಗಳದಲ್ಲಿ ಒಂದು ಬುಟ್ಟಿ ರೊಟ್ಟಿ ಇಟ್ಟು ಹೋದಳು.

ಊರು ಸಂಭ್ರಮದಲ್ಲಿದೆ. ನನಗೆ ಮಾತ್ರ ಅನ್ನ ಸೇರುತ್ತಿಲ್ಲ. ಗಾಳಿ ತಾನಾಗಿ ತಿರುಗಿದ್ದರೆ ಸರಿ, ಅಲ್ಲಿಗೆ ಮುಗಿಯಿತು. ಆದರೆ ಅದು ನನ್ನ ಮಾತು ಕೇಳಿತು ಅಂತಾದರೆ, ಏನೂ ಕಲಿಯದ ನನ್ನ ಮಾತನ್ನೇ ಕೇಳಿತು ಅಂತಾದರೆ, ಅವತ್ತು ಮೂವತ್ತು ವರ್ಷದ ನಿನ್ನ ಮಾತನ್ನೂ ಕೇಳಿರಬೇಕು. ಹಾಗಾದರೆ ಆ ಸೇಬಿನ ತೋಟಕ್ಕೆ ಜಾಗ ತೋರಿಸಿದವನು ನೀನೇ. ಬೇರೆ ದಾರಿ ನನಗೆ ಕಾಣುತ್ತಿಲ್ಲ. ನಿನಗೆ ಕಂಡರೆ ಬರೆ.

ಒಬ್ದುಲಿಯಾ

*

ಮೆಕ್ಸಿಕೊ ನಗರ
2 ಆಗಸ್ಟ್ 1987

ಮಗಳೇ,

ಪಟ್ಟಿ ಬಿಚ್ಚಿದರು. ದಪ್ಪ ಕನ್ನಡಕ ಕೊಟ್ಟಿದ್ದಾರೆ, ಚೋಲೆ ನನ್ನನ್ನು ಗೂಬೆ ಎಂದು ಕರೆಯುತ್ತಾಳೆ. ನಿನ್ನ ಕಾಗದವನ್ನು ನಾನೇ ಓದಿದೆ, ಮೂರು ಸಲ. ನಿನ್ನೆ ಬೆಳಿಗ್ಗೆ ದೊನ್ ಗೋಯೊನ ಬೆನ್ನೂ ಕಂಡಿತು. ಲಂಗದ ಸಿಟ್ಟು ಇದ್ದ ಹಾಗಿಲ್ಲ.

ಬೇರೆ ದಾರಿ ಇದೆ. ಬರೆಯುತ್ತೇನೆ.

ಆ ದಿನವೂ ಗಾಳಿ ಕಣಿವೆಯ ಕಡೆಯಿಂದ ಬೀಸುತ್ತಿತ್ತು. ನಾನೂ ನೀನು ನಿಂತ ಜಾಗದಲ್ಲೇ ನಿಂತಿದ್ದೆ. ಬೀಗರ ತೋಟ, ಮಗಳ ಮದುವೆ, ಎಲ್ಲ ಕಣ್ಣ ಮುಂದಿತ್ತು. "ನನ್ನ ಹೊಲಕ್ಕೆ ಬಾ" ಎಂದೆ. ಒಂದು ಸಲವಲ್ಲ. ಗಂಟಲು ಹರಿಯುವ ತನಕ ಕರೆದೆ, ಪೊರಕೆ ಬಿಸಾಕಿ ಎರಡೂ ಕೈಯಿಂದ ಕರೆದೆ, ಕೊನೆಗೆ ಮೊಣಕಾಲೂರಿ ಕರೆದೆ. ಅದು ಬರಲಿಲ್ಲ. ತೋಟವನ್ನು ಮುಗಿಸಿಕೊಂಡು ತನ್ನ ಪಾಡಿಗೆ ಹೋಯಿತು.

ಆಮೇಲೆ ಅಂಗಳದಲ್ಲಿ ಆ ತಾಯಿ ಸೇಬು ಸುರಿದು ಕೇಳಿದಾಗ ನಾನು ಏನು ಹೇಳಬೇಕಿತ್ತು? ಇಲ್ಲ ಎನ್ನಬೇಕಾದರೆ, ಮೋಡ ನನ್ನ ಮಾತು ಕೇಳಲಿಲ್ಲ ಎನ್ನಬೇಕಿತ್ತು. ಇಡೀ ಬೀದಿಯ ಮುಂದೆ. ಸ್ವಾರ್ಥಿ ಅನ್ನಿಸಿಕೊಂಡರೂ ಆದೀತು, ಕೈಲಾಗದವನು ಅನ್ನಿಸಿಕೊಳ್ಳಲಾರೆ ಎಂದು ಸುಮ್ಮನಿದ್ದೆ. ಆ ಸುಮ್ಮನಿದ್ದದ್ದಕ್ಕೆ ಬೆಲೆ ತೆತ್ತವಳು ನೀನು. ಚಳಿಗಾಲದಲ್ಲಿ ನೀನು ಕೇಳಿದಾಗಲೂ ಬರೆಯಲು ಕೂತೆ. ಹಂದಿಯ ಸುದ್ದಿ ಬರೆದೆ.

ಆ ವರ್ಷ ಉಳಿದ ಜೋಳದ ರೊಟ್ಟಿ ನನ್ನ ಗಂಟಲಲ್ಲಿ ಇಳಿಯಲಿಲ್ಲ, ಹಂದಿಗೆ ಹಾಕಿದೆ. ಈಗ ಹೊಲ ಮಲಗಿತು ಎಂದು ಓದಿದೆ. ಅಳು ಬರಬೇಕಿತ್ತು, ಹಸಿವಾಯಿತು.

ನಿನ್ನ ಮಾತು ಕೇಳಿತೋ, ಗಾಳಿ ತಿರುಗಿತೋ, ಅಥವಾ ನಾನು ಅವತ್ತು ಕರೆದ ಮೋಡ ಏಳು ವರ್ಷ ತಡವಾಗಿ ಬಂತೋ, ನನ್ನನ್ನು ಕೇಳಬೇಡ. ನನಗೆ ಕಣ್ಣು ಬಂದಿದೆ, ಬುದ್ಧಿ ಬಂದಿಲ್ಲ.

ಶನಿವಾರದ ಬಸ್ಸಿಗೆ ಬರುತ್ತೇನೆ. ರೋಸಿತಾಳ ಹಬ್ಬ ತಿಂಗಳ ಕೊನೆಗೆ, ಅವಳಿಗೆ ಉಳಿದಿರುವುದು ಆ ಕಪ್ಪು ಕೋಟು ಒಂದೇ. ನೀನು ಮತ್ತೊಂದು ಲಂಗ ಹೊಲಿಯಬೇಕು. ತೋಳಿಲ್ಲದ ಬಟ್ಟೆ, ಹೆದರಬೇಡ. ಪೊಟ್ಟಣದ ಮೇಲಿನ ಹೆಸರನ್ನು ಈ ಸಲ ನಾನು ಓದುತ್ತೇನೆ. ಬಂಡೆಯ ಮುಂದೆ ನಿಂತು ಮಾತಾಡುವವಳು ನೀನು.

ನಿನ್ನ ಅಪ್ಪ
ಎಲಿಹಿಯೊ